ಪಾಕದ ಮಾದೇವನ ಸಕ್ಕರೆ

ಹತ್ತು ಜನರ ಎದುರಿಗೇ ಮಾದೇವನ ಮಾನ ಹೋಯಿತು. ವೈದ್ಯನಾಥಪುರದ ಆಲೆಮನೆ ಅಂಗಳಕ್ಕೆ ಸಕ್ಕರೆ ಕಾಯಿಲೆ ತಪಾಸಣೆಯವರು ಬಂದಿದ್ದರು. ಬೆಲ್ಲದ ಕೊಪ್ಪರಿಗೆಯ ಪಕ್ಕದಿಂದ ಎದ್ದುಬಂದ ಅವನ ಎಡಗೈ ಬೆರಳನ್ನು ನರ್ಸ್ ದೀಪಿಕ ಸ್ಪಿರಿಟ್ಟಿನಲ್ಲಿ ಒರೆಸಿ ಸೂಜಿ ತೆಗೆದಳು. ಹೆಣ್ಣುಮಗಳಿಗೆ ಎಡಗೈ ಕೊಡುವುದುಂಟೆ ಎಂದು ಮಾದೇವ ಮರ್ಯಾದೆಯಾಗಿ ಬಲಗೈ ಚಾಚಿದ. ಗಡಿಬಿಡಿಯಲ್ಲಿ ಅವಳೂ ಅದಕ್ಕೇ ಚುಚ್ಚಿಬಿಟ್ಟಳು. ಯಂತ್ರದಲ್ಲಿ ಅಂಕಿಯ ಬದಲು ಎರಡು ಇಂಗ್ಲಿಷ್ ಅಕ್ಷರ ಮೂಡಿದವು. ಮಾದೇವ ಅದನ್ನು ‘ಹಾಯ್’ ಎಂದು ಓದಿ ಯಂತ್ರಕ್ಕೇ ಹಲ್ಲು ಕಿರಿದ. ಅದು ‘ಹೈ’, ಸಕ್ಕರೆ ಅಳತೆ ಮೀರಿದೆ ಎಂದು ದೀಪಿಕ ಹೇಳಿದಾಗ ಸಾಲಿನವರ ನಗು ನಿಂತಿತು.

ಅಪ್ಪ ಕರಿಸಿದ್ದಯ್ಯನ ಎರಡೂ ಕಣ್ಣನ್ನು ಇದೇ ಕಾಯಿಲೆ ತಿಂದಿತ್ತು. ಕುರ್ಚಿ ಬಿಟ್ಟೇಳದ ಅಂಗಡಿಕಾರ ಅಣ್ಣ ಶಿವುವಿನ ಒಂದು ಪಾದವೂ ಹೋಗಿತ್ತು. ಮೂವರದೂ ಒಂದೇ ಮೂಗು, ಒಂದೇ ಮುಂಗೋಪ. ಕಾಯಿಲೆ ಮಾತ್ರ ಮಾದೇವನೊಬ್ಬನನ್ನು ಬಿಟ್ಟೀತೆ? ಕುದಿಯುವ ನೊರೆ ಬಣ್ಣ ತಿರುಗುವ ಗಳಿಗೆ ಹಿಡಿಯುವುದೇ ಅವನ ಕಸುಬು. ಕಣ್ಣು ಹೋದರೆ ಪಾಕದ ಮಾದೇವ ಬರೀ ಮಾದೇವ.

ಮದ್ದೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ರಿಪೋರ್ಟು ಬರುವತನಕ ಹೆಂಡತಿ ಪಟ್ಟಲಮ್ಮ ಪಾತ್ರೆಯನ್ನೂ ಸದ್ದಿಲ್ಲದೆ ಇಟ್ಟಳು. ಅವನು ಒಂದೊಂದೇ ಕಣ್ಣು ಮುಚ್ಚಿ ದೂರದ ತೆಂಗಿನ ಗರಿ ನೋಡಿಕೊಂಡ. ಆ ಯೋಚನೆಯಲ್ಲೇ ಒಂದು ಕೊಪ್ಪರಿಗೆ ಪಾಕ ಸೀಯಿಸಿದ. ಹಿಂದೆಂದೂ ಹಾಗಾಗಿರಲಿಲ್ಲ. ಕಣ್ಣಿಗೆ ಶುರುವಾಯಿತು ಅಂದುಕೊಂಡ.

“ನಮ್ ಪಾಲ್ಟಿಗೆ ಬಾ ಕಣ್ಲಾ, ಜಾಗ ಐತೆ,” ಎಂದ ಶಿವು. ಅಂದವನು ತಮ್ಮನ ಮುಖ ನೋಡಲಿಲ್ಲ.

ಮದ್ದೂರಿನ ಆಸ್ಪತ್ರೆಯ ಡಾಕ್ಟರ್ ಜಾಕಿಯಾ ರಿಪೋರ್ಟನ್ನು ಒಮ್ಮೆ ಓದಿ, ಮತ್ತೊಮ್ಮೆ ಓದಿದರು. ಮಾದೇವ ಕುರ್ಚಿಯ ಅಂಚು ಹಿಡಿದ. ಸಕ್ಕರೆ ಕಾಯಿಲೆಯೇ ಇಲ್ಲ, ಮೂರು ತಿಂಗಳ ಸರಾಸರಿಯೂ ಸರಿಯಾಗಿದೆ ಎಂದರು. ಅಂದು ಚುಚ್ಚಿದ್ದು ಯಾವ ಬೆರಳಿಗೆ ಎಂದು ಕೇಳಿದರು. ಪಾಕ ಉಂಡೆ ಕಟ್ಟಿ ಹದ ನೋಡುವ ಬಲಗೈ ಬೆರಳು ಎಂದಾಗ ಹಣೆ ಒತ್ತಿಕೊಂಡರು. ಯಂತ್ರ ಅಳೆದದ್ದು ಬೆರಳಿಗಂಟಿದ್ದ ಬೆಲ್ಲವನ್ನು.

ಹಾಗಂತ ಮೈಮರೆಯಬೇಡಿ ಎಂದರು. ಅಪ್ಪನ ಗುಣ ಅವನ ರಕ್ತದಲ್ಲೂ ಇರಬಹುದು. ಆದರೆ ಒಂದೇ ತಳಿಯ ಕಬ್ಬು ನೀರು ನಿಂತ ಗದ್ದೆಯಲ್ಲಿ ಕೊಳೆಯುತ್ತದೆ, ಬಸಿದುಹೋಗುವ ಗದ್ದೆಯಲ್ಲಿ ನಿಲ್ಲುತ್ತದೆ. ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ ಎಂದು ವಿಚಾರಿಸಿದರು. ಮುದ್ದೆ, ಸೊಪ್ಪಿನ ಸಾರು. ಊರಿಂದ ಆಲೆಮನೆಗೆ ಎಷ್ಟೋ ವರ್ಷದಿಂದ ದಿನಾ ನಡಿಗೆ.

“ಮನೆ ಮುಂದೇನೇ ಬಸ್ಸು ನಿಲ್ಲುತ್ತೆ ಅಂತೀರಿ. ಆದರೂ ನಡೀತೀರಲ್ಲ, ಆರೋಗ್ಯದ ಮೇಲೆ ಇಷ್ಟು ಕಾಳಜಿ ಯಾರು ಕಲಿಸಿದ್ದು?”

“ಕಾಳಜೀನೂ ಇಲ್ಲ ಏನೂ ಇಲ್ಲ ಮೇಡಮ್ಮೋರೆ. ಆ ಬಸ್ಸಿನ ಕಂಡಕ್ಟ್ರು ನನ್ ಎಂಡ್ರ ತಮ್ಮ. ಅವನ್ಗೂ ನಂಗೂ ಮಾತಿಲ್ಲ.”