ಎಡಕ್ಕೆ ಎಳೆಯುವ ಗಾಡಿ

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯವರು ಸೊರಬದ ಬಸ್ಸು ಓಡಿಸುತ್ತಿದ್ದರು. ರಜೆ ಸಿಕ್ಕ ದಿನ ರಿಮೋಟಿನ ರೇಸ್ ಕಾರೊಂದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಮಾರುಕಟ್ಟೆಯ ಸಿಮೆಂಟು ಅಂಗಳಕ್ಕೆ ಬರುತ್ತಿದ್ದರು. ಅದರ ಸ್ಪ್ರಿಂಗುಗಳನ್ನು ಬೆರಳಿನಿಂದ ಅದುಮಿ ನೋಡಿ, ಸ್ಟಿಯರಿಂಗಿನ ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಕಾರು ಓಡಿತೆಂದರೆ ಅದೇ ಮಾತು: "ಎಡಕ್ಕೆ ಎಳಿತೈತಿ ನೋಡ್ರಿ."

ಬಸ್ಸಿನ ಮೇಲೂ ಅವರದು ಅದೇ ದೂರು. ಗ್ಯಾರೇಜಿನವರು ಬಿಚ್ಚಿ ನೋಡಿ ಏನೂ ಇಲ್ಲವೆಂದಿದ್ದರಂತೆ. "ಅವರಿಗೇನ್ ಗೊತ್ರಿ? ದಿನಾ ಹಿಡಿಯೋದು ನನ್ನ ಕೈ" ಎಂದು ನಗುತ್ತಿದ್ದರು.

ಸ್ಪ್ರಿಂಗು ಬದಲಾಯಿತು, ಶಾಕ್ ಅಬ್ಸಾರ್ಬರಿನ ಎಣ್ಣೆ ಬದಲಾಯಿತು, ಟೈರೂ ಬದಲಾಯಿತು. ಕಾರು ಮಾತ್ರ ಎಡಕ್ಕೇ ಹೋಗಿ ಗೋಡೆಗೆ ಬಡಿಯುತ್ತಿತ್ತು. ಒಂದು ಭಾನುವಾರ ಬೇಸತ್ತು ರಿಮೋಟನ್ನು ನನಗೆ ಕೊಟ್ಟರು. "ನೀವೊಮ್ಮೆ ಬಿಡ್ರಿ. ನಾ ಮುಂದೆ ನಿಂತು ಚಕ್ರ ನೋಡ್ತೀನಿ."

ನಾನು ಅದನ್ನು ಎಂದೂ ಮುಟ್ಟಿದವನಲ್ಲ. ಕಾರು ದಾರ ಹಿಡಿದಂತೆ ನೆಟ್ಟಗೆ ಓಡಿ ಅವರ ಕಾಲ ಬಳಿ ನಿಂತಿತು.

ಅವರು ಬಂದು ರಿಮೋಟು ಇಸಿದುಕೊಂಡು ತಾವೇ ಬಿಟ್ಟರು. ಕಾರು ಎಡಕ್ಕೆ ಹೋಗಿ ಗೋಡೆಗೆ ಬಡಿಯಿತು. ಆಗ ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡಿದರು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಸಣ್ಣಗೆ ಅದುರುತ್ತ ಎಡಕ್ಕೇ ವಾಲುತ್ತಿದ್ದವು. ಎಡಗೈಯಿಂದ ಬಿಗಿಯಾಗಿ ಹಿಡಿದರೂ ನಿಲ್ಲಲಿಲ್ಲ.

ಕಾರನ್ನು ಗೋಡೆಯ ಬಳಿಯೇ ಬಿಟ್ಟು ರಿಮೋಟನ್ನು ನನ್ನ ಕೈಗಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಅಂದರು:

"ಹಂಗಾರೆ ಬಸ್ಸೂ ಸರಿಯಾಗೇ ಐತ್ರಿ."