ಕಾದ ಕಡಾಯಿ, ಅಮಾವಾಸ್ಯೆಯ ಕಾಯಿ

ಅಣವೀರಪ್ಪ ತಮ್ಮನ ಕೆನ್ನೆಗೆ ಬಾರಿಸಿದಾಗ ಕಡಾಯಿಯಲ್ಲಿ ಸತು ಆಗಲೇ ಕರಗಿ ಹೊಳೆಯುತ್ತಿತ್ತು.

ಆಂಟಾಪ್ ಹಿಲ್‌ನ ಗೋದಾಮುಗಳ ಹಿಂದಿನ ತಗಡಿನ ಶೆಡ್ಡಿಗೆ ಉಕ್ಕಿನ ಕಾರ್ಖಾನೆಗಳಿಂದ ದೂಳು ಬರುತ್ತದೆ. ಕುಲುಮೆಯ ಹೊಗೆ ಸೋಸಿ ಹಿಡಿದ ಕಂದು ದೂಳು. ಅದನ್ನು ಕಲ್ಲಿದ್ದಲಿನ ಜೊತೆ ಸುಟ್ಟರೆ ಒಳಗಿನ ಸತು ಆವಿಯಾಗುತ್ತದೆ. ಆವಿಯನ್ನು ತಣಿಸಿದರೆ ಲೋಹ; ಅದನ್ನು ಕಡಾಯಿಯಲ್ಲಿ ಕರಗಿಸಿ ಅಚ್ಚಿಗೆ ಸುರಿಯುತ್ತಾರೆ. ಶಹಾಪುರದ ಕಡೆಯಿಂದ ಬಂದು ಮುಂಬಯಿಯಲ್ಲಿ ರಸ್ತೆ ಅಗೆಯುತ್ತಿದ್ದ ಅಣವೀರಪ್ಪ ಈ ಕೆಲಸ ಕಲಿತು ಮೇಸ್ತ್ರಿಯಾದ. ತಮ್ಮ ಶಾಂತಪ್ಪನನ್ನೂ ಅವನ ಹೆಂಡತಿ ಸುಂದ್ರವ್ವನನ್ನೂ ಕರೆಸಿಕೊಂಡ. ತಮ್ಮನಿಗೆ ಕಲಿಸುವಾಗ ಅವನ ಬಾಯಿಗಿಂತ ಕೈ ಮುಂದು. ಕಾದ ಲೋಹದೊಳಗೆ ನೀರು ಹೋದರೆ ಸಿಡಿಯುತ್ತದೆ ಎಂಬ ಪಾಠವನ್ನು ಶಾಂತಪ್ಪ ಬೆನ್ನಿನ ಮೇಲೆ ಕಲಿತಿದ್ದ.

ಅಮಾವಾಸ್ಯೆಗೆ ಕಾಯಿ ಒಡೆಯುವ ರೂಢಿಯನ್ನು ತಂದವನೂ ಅಣವೀರಪ್ಪನೇ. ಒಲೆ ಹಚ್ಚುವ ಮೊದಲು, ತಣ್ಣಗಿನ ಕಡಾಯಿಯ ಕಂಠಕ್ಕೆ. ಈ ಸಲ ಮಾಲು ಬೇಗ ಕಳಿಸಬೇಕಿತ್ತು. ಶೆಡ್ಡಿನ ಮಾಲೀಕ ಸೇಠ್ ಫೋನ್ ಮಾಡಿದ, ಒಲೆ ಹತ್ತಿತು.

"ಕಾಯಿ ಒಡೀಲಾರದ ಒಲಿ ಹಚ್ಚೀದೇನಣ್ಣ?" ಎಂದ ಶಾಂತಪ್ಪ.

"ಸಂಜೀಕ ಒಡಿಯೋಣು. ಚೀಲ ಎತ್ತು."

"ಸೇಠ ಅಂದ್ರ ದ್ಯಾವ್ರೂ ಲೈನಿನ್ಯಾಗ ನಿಲ್ಲಬೇಕೇನು? ಒಳ್ಳೆ ಚಮಚಾ ಆದಿ ನೀ!"

ಏಟು ಬಿದ್ದದ್ದು ಆ ಮಾತಿಗೆ. ಶಾಂತಪ್ಪ ತುಟಿಯ ರಕ್ತ ಉಗುಳಿದ. ಅಣ್ಣನ ಎದೆಗೆ ತಲೆಯಿಂದ ಗುದ್ದಿ ಕೆಡವಿದ. ಗೂಡಿನಲ್ಲಿದ್ದ ಕಾಯಿ ತೆಗೆದು ಒಲೆಯ ಬದಿಯ ಇಟ್ಟಿಗೆಗೆ ಬೀಸಿದ. ಅಣವೀರಪ್ಪ ಎದ್ದು ಅವನ ರಟ್ಟೆ ಹಿಡಿದು ಜಗ್ಗಿದ. ಇಟ್ಟಿಗೆಗೆ ಬೀಳಬೇಕಿದ್ದ ಕಾಯಿ ಕಡಾಯಿಯ ಕಂಠಕ್ಕೆ ಬಡಿದು ಬಿರಿಯಿತು. ಒಂದು ಹೋಳು ನೀರಿನ ಸಮೇತ ಒಳಗೆ ಮುಳುಗಿತು.

ಕಡಾಯಿ ಸಿಡಿಯಿತು. ಸೂರಿನ ತಗಡು ತೂತಾಯಿತು. ಸತು ಶಾಂತಪ್ಪನ ಮುಖದ ಬಲಭಾಗಕ್ಕೆ ಅಂಟಿ ಅಲ್ಲೇ ಗಟ್ಟಿಯಾಯಿತು. ಅದನ್ನು ಕೀಳಲು ಹೋದ ಅಣವೀರಪ್ಪನ ಬಲ ಅಂಗೈಯ ಚರ್ಮ ಸುಲಿದು ಬಂತು.

ದೂಳು ಜರಡಿ ಹಿಡಿಯುತ್ತಿದ್ದ ಸುಂದ್ರವ್ವ ಓಡಿಬಂದಳು. ಟ್ಯಾಕ್ಸಿ ಬರುವವರೆಗೂ ಸಲಿಕೆಯ ಹಿಡಿಯಿಂದ ಗಂಡನ ಅಣ್ಣನಿಗೆ ಹೊಡೆದಳು. "ನೀವು ಕೈ ಜಗ್ಗಲಿಲ್ಲಂದ್ರ ಇಟ್ಟಂಗಿಗೇ ಬೀಳ್ತಿತ್ತರೀ, ಭಾವಾ!" ಅಣವೀರಪ್ಪ ತಲೆಯನ್ನೂ ಮರೆಮಾಡಿಕೊಳ್ಳಲಿಲ್ಲ.

ಸಯನ್‌ನ ಆಸ್ಪತ್ರೆಯಲ್ಲಿ ಎಡಗಣ್ಣು ಉಳಿಯಬೇಕಾದರೆ ಸುಟ್ಟ ಬಲಗಣ್ಣು ತೆಗೆಯಬೇಕು ಎಂದಿದ್ದಾರೆ. ಶಾಂತಪ್ಪನಿಗೆ ಪ್ರಜ್ಞೆಯಿಲ್ಲ. ಸುಂದ್ರವ್ವ ಒಪ್ಪಿಗೆ ಕೊಡಲೊಲ್ಲಳು. ಕೈ ಮಾಡಿದವರೇ ಕೊಡಲಿ ಎನ್ನುತ್ತಾಳೆ. ಅಣವೀರಪ್ಪನ ಬಲಗೈ ಬ್ಯಾಂಡೇಜಿನಲ್ಲಿದೆ. ನಾಳೆ ಬೆಳಿಗ್ಗೆ ಅವನು ಒಪ್ಪಿಗೆಯ ಕಾಗದಕ್ಕೆ ಎಡಗೈಯ ಹೆಬ್ಬೆಟ್ಟು ಒತ್ತುತ್ತಾನೆ.