ಚೀಟಿ ಬಂದಲ್ಲಿ ಕೆಮ್ಮು

ಖಡಕಿಯ ನಮ್ಮ ಕನ್ನಡ ವಾಚನಾಲಯದಲ್ಲಿ ಹಳೆಯ ಅಮೆರಿಕನ್ ಕಾದಂಬರಿಯೊಂದರ ಅನುವಾದವನ್ನು ಸಭೆಗೆ ಓದಿ ಹೇಳುವ ಕೆಲಸ ನನಗೆ ಹಚ್ಚಿದ್ದರು. ಅದರಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದ ಬಂದಲ್ಲೆಲ್ಲ ಕಾರ್ಯದರ್ಶಿ ರಾಯರು ಬಿಳಿ ಚೀಟಿ ಅಂಟಿಸಿದ್ದರು. ಪುಸ್ತಕ ಉಬ್ಬಿ ಮುಚ್ಚುತ್ತಲೇ ಇರಲಿಲ್ಲ.

“ಚೀಟಿ ಬಂದಲ್ಲಿ ಏನ ಓದಲಿ?” ಅಂದೆ.

“ಕೆಮ್ಮಿಬಿಡ್ರಿ. ಮಂದಿಗೆ ಬಣ್ಣ ನೋಡಿ ಹೆಸರಿಡೋದು ಭಾಳ ಕೆಟ್ಟ ನೋಡ್ರಿ.”

ಒಂದೇ ಪುಟದಲ್ಲಿ ಹನ್ನೊಂದು ಸಲ ಕೆಮ್ಮಿದೆ. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಮೂಗಿಗೆ ಸೆರಗು ಹಿಡಿದರು. ಹನ್ನೆರಡನೆಯದಕ್ಕೆ ನಿಜವಾದ ಕೆಮ್ಮೇ ಹತ್ತಿತು. ರಾಯರು ಗಾಬರಿಯಾಗಿ, ಬಾಗಿಲಲ್ಲಿ ನಿಂತಿದ್ದ ತಮ್ಮದೇ ವಯಸ್ಸಿನ ಜವಾನನನ್ನು ಕೂಗಿದರು: “ಏ ಕರಿಯಾ, ನೀರ ತಾರೋ!”

ಅವನ ಜೊತೆ ನಾನೂ ತಿರುಗಿ ನೋಡಿದೆ. ಮನೆಯಲ್ಲಿ ನನ್ನನ್ನೂ ಹಾಗೇ ಕರೆಯುತ್ತಾರೆ.

ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.